ಹತ್ತು ಬೆರಳಿನ ಜಪಸರ

ಸಹಾಯ ಮೇರಿಗೆ ಹೆದರಿಕೆಯೆಂಬುದೇ ಇಲ್ಲವೆಂದು ಕೋಲ್ಕತ್ತದ ಕಸ್ಬಾ ಬಡಾವಣೆಯ ಆ ಕಟ್ಟಡದವರೆಲ್ಲ ನಂಬಿದ್ದರು. ನಂಬದೆ ಏನು ಮಾಡುತ್ತಾರೆ? ಒಮ್ಮೆ ಸಿಯಾಲ್ದಾ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಯಾರೋ ಅವಳ ಕೈಚೀಲಕ್ಕೆ ಕೈ ಹಾಕಿದಾಗ, ಛತ್ರಿಯ ಹಿಡಿಯನ್ನು ಅವನ ಕಾಲರಿಗೆ ಕೊಕ್ಕೆ ಹಾಕಿ ಎಳೆದು, ಪೊಲೀಸರು ಬರುವ ತನಕ ಅವನಿಗೆ ಮೈಸೂರು ಸೀಮೆಯ ಕನ್ನಡದಲ್ಲಿ ಬುದ್ಧಿ ಹೇಳುತ್ತ ನಿಂತಿದ್ದವಳು ಅವಳು. ಗರಿಯಾಹಾಟ್ ಮಾರುಕಟ್ಟೆಯ ಮೀನಿನವರು ದೂರದಿಂದಲೇ ಅವಳನ್ನು ಗುರುತಿಸಿ, "ಬೌದಿ ಬಂದ್ರು", ಅತ್ತಿಗೆ ಬಂದರು, ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ತಕ್ಕಡಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಅವಳ ಊರು ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿ. ಗಂಡ ಇನ್ನಾಸಪ್ಪನದು ರೈಲ್ವೆಯಲ್ಲಿ ಸಿಗ್ನಲ್ ಕೆಲಸ. ವರ್ಗವಾಗಿ ಕೋಲ್ಕತ್ತಕ್ಕೆ ಬಂದಾಗ ಮಗಳು ಪ್ರೇರಣಾ ಕಂಕುಳ ಕೂಸು. ಈಗ ಆ ಕೂಸು ಕಾಲೇಜಿಗೆ ಹೋಗುತ್ತದೆ, ಅಮ್ಮ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಎದುರು ಮಾತಾಡುತ್ತದೆ. ಭಾನುವಾರದ ಬಲಿಪೂಜೆಗೆ ಮೂವರೂ ಪಾರ್ಕ್ ಸರ್ಕಸ್ ಕಡೆಯ ಚರ್ಚಿಗೆ ಹೋಗುತ್ತಿದ್ದರು, ಅಲ್ಲಿ ಎಲ್ಲವೂ ಇಂಗ್ಲಿಷ್. ಮನೆಯಲ್ಲಿ ಮಾತ್ರ ಸಂಜೆ ದೀಪ ಹಚ್ಚಿದ ಮೇಲೆ ಮಾತೆ ಮರಿಯಮ್ಮನ ಪುಟ್ಟ ಪ್ರತಿಮೆಯ ಮುಂದೆ ಕೂತು ಜಪಸರ ಹೇಳುವುದು ಕನ್ನಡದಲ್ಲೇ ಆಗಬೇಕು.

"ಮರಿಯಮ್ಮನಿಗೆ ಇಂಗ್ಲಿಷ್ ಬರುತ್ತೆ ಕಣೇ. ನನಗೇ ಸರಿಯಾಗಿ ಬರಲ್ಲ, ಅದಕ್ಕೆ" ಎಂದು ಮಗಳಿಗೆ ಹೇಳುತ್ತಿದ್ದಳು ಮೇರಿ.

ಇಂಥವಳಿಗೂ ಒಂದು ಗುಟ್ಟಿನ ಭಯವಿತ್ತು. ಮುಚ್ಚಿದ ಜಾಗವೆಂದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಅಜ್ಜಿಯ ಮರದ ಪೆಟ್ಟಿಗೆಯೊಳಗೆ ಅಡಗಿ ಕೂತಿದ್ದಳು. ಮೇಲಿನಿಂದ ಚಿಲಕ ಬಿದ್ದುಬಿಟ್ಟಿತು. ಹುಡುಕುವವರು ಆಟ ಮುಗಿಸಿ ಊಟಕ್ಕೆ ಹೋದರು. ಅಜ್ಜಿ ಸೀರೆ ತೆಗೆಯಲು ಬಂದು ಪೆಟ್ಟಿಗೆ ತೆರೆಯುವ ಹೊತ್ತಿಗೆ ಹುಡುಗಿ ಬೆವರಿನಲ್ಲಿ ತೊಯ್ದಿದ್ದಳು, ಮಾತೇ ನಿಂತುಹೋಗಿತ್ತು. ಅಂದಿನಿಂದ ಲಿಫ್ಟ್ ಹತ್ತಿದವಳಲ್ಲ. ಬಚ್ಚಲುಮನೆಯ ಚಿಲಕ ಹಾಕಿದವಳಲ್ಲ. ಒಳಗೆ ಯಾರೋ ಇದ್ದಾರೆಂದು ತಿಳಿಯಲಿ ಅಂತ ಗಟ್ಟಿಯಾಗಿ ಹಾಡುತ್ತಿದ್ದಳು. ನೆರೆಹೊರೆಯವರು ಅವಳಿಗೆ ಸಂಗೀತದ ಹುಚ್ಚು ಅಂದುಕೊಂಡಿದ್ದರು.

ಒಂದು ವರ್ಷ ದುರ್ಗಾಪೂಜೆ ಮುಗಿದ ಮೇಲೆ ಅವಳ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಪೆಂಡಾಲಿನ ಡೋಲಿನ ಪಕ್ಕದಲ್ಲೇ ನಿಂತಿದ್ದೆನಲ್ಲ, ಅದಕ್ಕೇ ಇರಬೇಕು ಎಂದು ಸುಮ್ಮನಾದಳು. ದೀಪಾವಳಿಯ ಕಾಳಿಪೂಜೆಯೂ ಆಯಿತು, ಸದ್ದು ಹೋಗಲಿಲ್ಲ. ಫೋನನ್ನು ಎಡಗಿವಿಗೆ ಹಿಡಿದರೆ ಮಾತು ಕೇಳದಾಯಿತು. ಒಂದು ಬೆಳಿಗ್ಗೆ ಗರಿಯಾಹಾಟ್ ಚೌಕದಲ್ಲಿ ರಸ್ತೆ ದಾಟುವಾಗ ನೆಲವೇ ವಾಲಿದಂತಾಗಿ, ಸೀರೆ ಅಂಗಡಿಯ ಕಂಬ ತಬ್ಬಿಕೊಂಡು ನಿಂತಳು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ತಲೆಯ ಎಂಆರ್‌ಐ ಸ್ಕ್ಯಾನ್ ಮಾಡಿಸಲೇಬೇಕು ಅಂದರು.

"ಅಂದ್ರೆ ಏನ್ರೀ ಅದು?" ಎಂದು ಮನೆಗೆ ಬರುವಾಗ ಗಂಡನನ್ನು ಕೇಳಿದಳು.

"ಏನಿಲ್ಲ. ಒಂದು ದೊಡ್ಡ ಕೊಳವೆ ಇರುತ್ತೆ, ಅದರೊಳಗೆ ಮಲಗಿಸ್ತಾರೆ" ಅಂದ ಇನ್ನಾಸಪ್ಪ. ಅಂದ ಮೇಲೆ ಹೆಂಡತಿಯ ಮುಖ ನೋಡಿ, ಹೇಳಬಾರದಿತ್ತು ಅಂದುಕೊಂಡ.

ಮೊದಲ ಸಲ ಹೋದಾಗ ಆದದ್ದು ಇಷ್ಟು. ಜಪಸರದ ಸರಪಳಿ ಲೋಹದ್ದು, ಒಳಗೆ ತರುವ ಹಾಗಿಲ್ಲವೆಂದು ಟೆಕ್ನಿಷಿಯನ್ ಅದನ್ನು ತೆಗೆಸಿ ಹೊರಗಿಟ್ಟ. ಹಲಗೆಯ ಮೇಲೆ ಮಲಗಿಸಿ, ಮುಖದ ಮೇಲೆ ಪಂಜರದಂಥದೊಂದನ್ನು ಕೂರಿಸಿ, ಕೈಗೊಂದು ರಬ್ಬರ್ ಚೆಂಡು ಕೊಟ್ಟು, ತೀರಾ ಆಗದಿದ್ದರೆ ಒತ್ತಿ ಅಂದ. ಹಲಗೆ ಒಳಕ್ಕೆ ಸರಿಯಿತು. ಅಜ್ಜಿಯ ಪೆಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು. ನಮೋ ಮರಿಯಾ ಎಂದು ಶುರು ಮಾಡಿದಳು, ಮುಂದಿನ ಪದವೇ ನೆನಪಾಗಲಿಲ್ಲ. ಅಷ್ಟು ವರ್ಷ ದಿನಾ ಹೇಳಿದ ಪ್ರಾರ್ಥನೆ! ಯಂತ್ರ ಇನ್ನೂ ಶುರುವೇ ಆಗಿರಲಿಲ್ಲ, ಮೇರಿ ಚೆಂಡನ್ನು ನಿಂಬೆಹಣ್ಣಿನಂತೆ ಹಿಂಡಿಬಿಟ್ಟಳು. ಹೊರಗೆಳೆದ ಕೂಡಲೆ ಎದ್ದು, ಆಸ್ಪತ್ರೆಯ ನೀಲಿ ಅಂಗಿಯಲ್ಲೇ ಬರಿಗಾಲಲ್ಲಿ ನಡೆದು, ಬೀದಿಬದಿಯ ಚಹಾದಂಗಡಿಯ ಬೆಂಚಿನ ಮೇಲೆ ಕೂತಳು. ಇನ್ನಾಸಪ್ಪ ಅವಳ ಸೀರೆ, ಚಪ್ಪಲಿ, ಜಪಸರ ಎಲ್ಲ ಹೊತ್ತುಕೊಂಡು ಹಿಂದೆ ಓಡಿ ಬಂದ. ಅಂಗಡಿಯವನು ಏನೂ ಕೇಳದೆ ಒಂದು ಕುಡಿಕೆ ಚಹಾ ಕೈಗಿತ್ತ.

ಆ ಸಂಜೆ ಮೇರಿ ಜಪಸರಕ್ಕೆ ಕೂರಲಿಲ್ಲ. ತಲೆನೋವು ಅಂದಳು. ಮಾರನೆಯ ದಿನವೂ ಕೂರಲಿಲ್ಲ. ತಲೆಯಲ್ಲಿ ಏನೋ ಬೆಳೆದಿರಬಹುದು ಎಂಬ ದಿಗಿಲು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಕಷ್ಟ ಬಂದಾಗ ಬಾಯಿಗೆ ಬಾರದ ಪ್ರಾರ್ಥನೆಯನ್ನು ಇಷ್ಟು ವರ್ಷ ಯಾಕೆ ಹೇಳಿದೆ ಎಂಬ ನಾಚಿಕೆ.

ಭಾನುವಾರ ಬಲಿಪೂಜೆ ಮುಗಿದ ಮೇಲೆ ಗಂಡನನ್ನೂ ಮಗಳನ್ನೂ ಮುಂದೆ ಕಳಿಸಿ, ಫಾದರ್ ಗೋಮ್ಸ್ ಎದುರು ನಿಂತಳು. ಗೋಮ್ಸ್ ಕೃಷ್ಣನಗರ ಕಡೆಯ ಬಂಗಾಳಿ, ವಯಸ್ಸಾದವರು. ಅವಳ ಹಿಂದಿಗೂ ಅವರ ಹಿಂದಿಗೂ ವ್ಯಾಕರಣವಿರಲಿಲ್ಲ, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

"ಫಾದರ್, ನನ್ನ ವಿಶ್ವಾಸ ಸುಳ್ಳು" ಎಂದು ಶುರು ಮಾಡಿ ಆಸ್ಪತ್ರೆಯಲ್ಲಿ ಆದದ್ದನ್ನೆಲ್ಲ ಹೇಳಿದಳು. ನೀಲಿ ಅಂಗಿಯ ವಿಷಯ ಬಂದಾಗ ಫಾದರ್ ನಗು ತಡೆಯಲು ಕೆಮ್ಮಿದರು.

"ಜಪಸರದಲ್ಲಿ ಧ್ಯಾನಿಸುವ ದುಃಖದ ರಹಸ್ಯಗಳಲ್ಲಿ ಮೊದಲನೆಯದು ಯಾವುದಮ್ಮ?" ಎಂದು ಕೇಳಿದರು.

"ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿ ಪಟ್ಟ ಸಂಕಟ."

"ಸಂಕಟ ಅಂದರೇನು? ಹೆದರಿಕೆ. ಬೆವರು ರಕ್ತದ ಹಾಗೆ ಹನಿಯುವಷ್ಟು ಹೆದರಿಕೆ. ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿಕೊಂಡರು. ಅವರ ವಿಶ್ವಾಸವೂ ಸುಳ್ಳಾ?"

ಮೇರಿ ಪ್ರತಿ ಮಂಗಳವಾರ, ಶುಕ್ರವಾರ ಆ ರಹಸ್ಯವನ್ನು ಧ್ಯಾನಿಸಿದ್ದಳು. ತೋಪು, ಬೆಳದಿಂಗಳು, ಬಂಡೆಯ ಮುಂದೆ ಮೊಣಕಾಲೂರಿದ ಸ್ವಾಮಿ, ಎಲ್ಲವೂ ಕ್ಯಾಲೆಂಡರಿನ ಚಿತ್ರದ ಹಾಗೆ ಕಣ್ಣಿಗೆ ಬರುತ್ತಿತ್ತು. ಅವರಿಗೂ ತನ್ನ ಹಾಗೆ ಎದ್ದು ಓಡಿಹೋಗಬೇಕು ಅನಿಸಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಆಗ ಶಿಷ್ಯರನ್ನು ಏನು ಕೇಳಿಕೊಂಡರು?"

"ನನ್ನ ಜೊತೆ ಇರಿ ಅಂತ."

"ನೀವು ಯಾರನ್ನು ಕೇಳಿಕೊಂಡಿರಿ?"

"ಯಾರನ್ನೂ ಇಲ್ಲ, ಫಾದರ್."

"ಹಾಗಾದರೆ ಮೊದಲು ಆ ಕೆಲಸ ಮಾಡಿ" ಅಂದರು ಫಾದರ್. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು.

ಯಾರನ್ನು ಕೇಳುವುದು? ಸೂಜಿ ಕಂಡರೆ ಇನ್ನಾಸಪ್ಪನಿಗೇ ತಲೆ ತಿರುಗುತ್ತದೆ. ಪ್ರೇರಣಾಳಿಗೆ ಪರೀಕ್ಷೆ. ಹಾಗಾಗಿ ಮೇರಿ ಒಂದು ಮಹಡಿ ಇಳಿದು ವಸುಂಧರಾಳ ಬಾಗಿಲು ಬಡಿದಳು. ವಸುಂಧರಾ ಧಾರವಾಡದವಳು, ಮೇರಿಗಿಂತ ಹಿರಿಯಳು. ಗಂಡ ಶ್ಯಾಮಸುಂದರನಿಗೆ ಸರ್ಕಾರಿ ಕಂಪನಿಯೊಂದರಲ್ಲಿ ಕೆಲಸ. ಇಡೀ ಕಟ್ಟಡದಲ್ಲಿ ಕನ್ನಡದ ಮನೆಗಳು ಇವೆರಡೇ.

"ಏನಾತ ಮೇರಿ? ಮಾರಿ ಯಾಕ ಹಿಂಗ ಸಪ್ಪಗ ಮಾಡೀ?"

ಮೇರಿ ಹೇಳಿದಳು. ಪೆಟ್ಟಿಗೆಯ ಕಥೆಯನ್ನೂ ಹೇಳಿದಳು. ಗಂಡನಿಗೆ ಬಿಟ್ಟರೆ ಅದನ್ನು ಹೇಳಿದ್ದು ಅದೇ ಮೊದಲು.

"ಅಂದ್ರ ಬಚ್ಚಲದಾಗ ಹಾಡತಿದ್ದದ್ದು ಅದಕ್ಕನ? ಅಯ್ಯ ನನ್ನವ್ವ, ನಾವು ನೀ ಸಂಗೀತ ಕಲಿಯಾಕ ಹತ್ತೀ ಅಂತ ತಿಳಕೊಂಡಿದ್ವಿ!" ವಸುಂಧರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇರಿಗೂ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ವಸುಂಧರಾ ಸೆರಗಿನಿಂದ ಅವಳ ಮುಖ ಒರೆಸಿದಳು. "ನಾ ಬರ್ತೇನಿ ತಗೋ. ಅಲ್ಲೆ ನಾ ಏನ್ ಮಾಡ್ಬೇಕು, ಅಷ್ಟ ಹೇಳು."

ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರು. ಜೊತೆಗಾರರೊಬ್ಬರು ಒಳಗೆ ಕೂರಬಹುದು, ರೋಗಿಯ ಕಾಲು ಹಿಡಿದುಕೊಳ್ಳಬಹುದು, ಮೈಮೇಲೆ ಲೋಹದ್ದೇನೂ ಇರಬಾರದು ಅಂದರು.

"ಜಪಸರ ಕೈಯಲ್ಲಿಲ್ಲದಿದ್ರೆ ನನಗೆ ಲೆಕ್ಕವೇ ಸಿಗಲ್ಲ ಅಕ್ಕ. ಒಂದು ನಮೋ ಮರಿಯಾ ಮುಗಿದು ಇನ್ನೊಂದಕ್ಕೆ ಹೋಗೋಕೆ ಮಣಿ ಬೇಕು. ಕೈಬೆರಳೂ ಅಲ್ಲಾಡಿಸಬಾರದಂತೆ" ಅಂದಳು ಮೇರಿ.

"ಒಂದ ಸರ್ತಿಗೆ ಎಷ್ಟ ಹೇಳ್ತೀರಿ?"

"ಹತ್ತು. ಹತ್ತರ ಮುಂಚೆ ಒಂದು ಪರಲೋಕ ಪ್ರಾರ್ಥನೆ. ಹೀಗೆ ಒಂದೊಂದು ರಹಸ್ಯಕ್ಕೂ, ಒಟ್ಟು ಐದು ಸಲ."

ವಸುಂಧರಾ ಮೇರಿಯ ಕಾಲುಗಳ ಕಡೆ ನೋಡಿದಳು. "ಹತ್ತು ಬೆರಳು ಅದಾವಲ್ಲ! ನಾ ಒಂದೊಂದ ಬೆರಳು ಮೆಲ್ಲಕ ಒತ್ತಿಕೋತ ಹೋಗ್ತೇನಿ, ನೀ ಒಳಗ ಹೇಳಿಕೋತ ಹೋಗು."

ಅಂದು ಮಧ್ಯಾಹ್ನವೇ ಮೇರಿಯ ಮಂಚದ ಮೇಲೆ ಅಭ್ಯಾಸ ನಡೆಯಿತು. ಒಂದು ಪ್ರಾರ್ಥನೆಗೆ ಎಷ್ಟು ಹೊತ್ತು ಬೇಕೆಂದು ತಿಳಿಯಬೇಕಾದರೆ ವಸುಂಧರಾಳಿಗೂ ಅದು ಬಾಯಿಪಾಠವಾಗಬೇಕಿತ್ತು. 'ನಮೋ ಮರಿಯಾ, ವರಪ್ರಸಾದ ಪೂರ್ಣೆಯೇ' ಎಂಬುದು ಧಾರವಾಡದ ರಾಗದಲ್ಲಿ ಕೇಳಿ ಪ್ರೇರಣಾ ಪುಸ್ತಕ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. "ಆಂಟಿ, ಸೋ ಕ್ಯೂಟ್!" ಅಂದಳು. ಪರಲೋಕ ಪ್ರಾರ್ಥನೆಗೆ ಹಿಮ್ಮಡಿ ಹಿಡಿಯುವುದೆಂದು ತೀರ್ಮಾನವಾಯಿತು. ಎಡಗಾಲಿನ ಕಿರುಬೆರಳಿಗೆ ಬಂದಾಗ ಮೇರಿ ಕಚಗುಳಿ ತಡೆಯಲಾರದೆ ಮಂಚದಿಂದಲೇ ಹಾರಿದಳು. ಆ ಬೆರಳಿನ ಬದಲು ಪಾದದ ಮೇಲೆ ಕೈಯಿಡುವುದೆಂದು ಒಪ್ಪಂದವಾಯಿತು.

ವಸುಂಧರಾಳ ತಯಾರಿಯೇನೂ ಸುಲಭದ್ದಾಗಿರಲಿಲ್ಲ. ಮದುವೆಯಾದಂದಿನಿಂದ ತೆಗೆಯದ ಮೂಗುಬೊಟ್ಟನ್ನು ಗರಿಯಾಹಾಟ್‌ನ ಅಕ್ಕಸಾಲಿಯ ಹತ್ತಿರ ಹೋಗಿ ಬಿಚ್ಚಿಸಿಕೊಂಡು ಬಂದಳು. ಕಾಲುಂಗುರ ಸೋಪು ಹಚ್ಚಿದ ಮೇಲೆ ಬಂತು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಮೇರಿ ಅವಳ ಕೊರಳು ನೋಡಿದಳು. ತಾಳಿ ಇರಲಿಲ್ಲ. ಅದರ ಜಾಗದಲ್ಲಿ ಹಳದಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬಿತ್ತು.

"ಅಕ್ಕ, ನನಗೋಸ್ಕರ..." ಎಂದು ಮೇರಿ ತಡವರಿಸಿದಳು.

"ಸುಮ್ನಿರು. ಅರಿಷಿಣಕ್ಕ ಮಷೀನ್ ಏನೂ ಮಾಡೂದಿಲ್ಲ."

ಈ ಸಲವೂ ಮುಖದ ಮೇಲೆ ಪಂಜರ ಬಂತು. ಹಲಗೆ ಸರಿಯಿತು. ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆಗ ಕಾಲ ಬಳಿ ಕೂತಿದ್ದ ವಸುಂಧರಾ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಪರಲೋಕದಲ್ಲಿರುವ ನಮ್ಮ ತಂದೆಯೇ, ಎಂದು ಮೇರಿ ಮನಸ್ಸಿನಲ್ಲೇ ಶುರು ಮಾಡಿದಳು. ಪದಗಳು ಒಂದರ ಹಿಂದೊಂದು ಬಂದವು. ಬಲಗಾಲಿನ ಹೆಬ್ಬೆರಳು. ನಮೋ ಮರಿಯಾ. ಯಂತ್ರ ಡಬ ಡಬ ಎಂದು ಬಡಿಯತೊಡಗಿತು, ಆಮೇಲೆ ಕರಗಸದಂತೆ ಕೊಯ್ಯತೊಡಗಿತು. ಎರಡನೆಯ ಬೆರಳು. ಯೇಸುಸ್ವಾಮಿ, ನಿಮಗೂ ಹೀಗೇ ಆಗಿತ್ತಲ್ಲವೇ? ಸ್ವಲ್ಪ ಈ ಕಡೆ ಸರಿದು ನನಗೂ ಜಾಗ ಕೊಡಿ, ಎಂದಳು. ಆ ಇಕ್ಕಟ್ಟಿನ ಕೊಳವೆಯಲ್ಲಿ ಹಾಗೆ ಕೇಳಿದ್ದು ಅವಳಿಗೇ ತಮಾಷೆಯೆನಿಸಿತು. ತುಟಿ ಅಲ್ಲಾಡದಂತೆ ಒಳಗೇ ನಕ್ಕಳು. ಹೆದರಿಕೆ ಅಲ್ಲೇ ಪಕ್ಕದಲ್ಲಿ ಮಲಗಿತ್ತು, ಆದರೆ ಕುತ್ತಿಗೆ ಹಿಚುಕುವುದನ್ನು ಬಿಟ್ಟಿತ್ತು. ದುಃಖದ ರಹಸ್ಯಗಳು ಮುಗಿದು ಮಹಿಮೆಯ ರಹಸ್ಯಗಳಲ್ಲಿ ಅರ್ಧ ದಾರಿ ಬಂದಿದ್ದಳು, ಹಲಗೆ ಹೊರಗೆ ಬಂತು.

"ಮುಗೀತಾ? ಇನ್ನೂ ಎರಡು ರಹಸ್ಯ ಬಾಕಿ ಇದ್ವಲ್ಲ!" ಅಂದಳು. ಟೆಕ್ನಿಷಿಯನ್‌ಗೆ ಕನ್ನಡ ಬರದಿದ್ದರೂ ಅವಳು ನಗುತ್ತಿರುವುದು ಕಂಡಿತು. ಹೋದ ಸಲ ಚೆಂಡು ಹಿಂಡಿದವರು ಇವರೇನಾ ಎಂಬಂತೆ ನೋಡಿದ.

ವರದಿ ಬಂದಾಗ ಡಾಕ್ಟರು ಚಿತ್ರದಲ್ಲಿ ಒಂದು ಬಿಳಿ ಚುಕ್ಕೆ ತೋರಿಸಿದರು. ಕಿವಿಯ ನರದ ಮೇಲೆ ಮೆಣಸಿನ ಕಾಳಿನಷ್ಟು ಗಂಟು. ಕೆಟ್ಟ ಜಾತಿಯದಲ್ಲ, ಬಹಳ ನಿಧಾನಕ್ಕೆ ಬೆಳೆಯುವಂಥದ್ದು, ಸದ್ಯಕ್ಕೆ ಮುಟ್ಟುವುದೇ ಬೇಡ. ತಲೆಸುತ್ತಿಗೆ ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟರು. "ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಾ ಇರೋಣ" ಅಂದರು.

ಇನ್ನಾಸಪ್ಪ ಶಿಲುಬೆಯ ಗುರುತು ಹಾಕಿಕೊಂಡ. ಮೇರಿ ಮಾತ್ರ, "ವರ್ಷವರ್ಷಾನೂ?" ಎಂದು ಕೂಗಿದ ರಭಸಕ್ಕೆ ಹೊರಗೆ ಕೂತಿದ್ದವರು ಒಳಗೆ ಇಣುಕಿದರು. ಆ ಸಂಜೆ ಜಪಸರಕ್ಕೆ ವಸುಂಧರಾಳೂ ಬಂದು ಕೂತಳು. ಎಡಗಿವಿಯ ಗುಂಯ್ ಸದ್ದು ಹೋಗಲಿಲ್ಲ. ಫೋನು ಬಲಗಿವಿಗೆ ಬಂತು, ಅಷ್ಟೆ.

ಮರುವರ್ಷ ಇಬ್ಬರೂ ಸಂತೆಗೆ ಹೊರಟವರಂತೆ ಹರಟುತ್ತ ಆಸ್ಪತ್ರೆಗೆ ಹೋದರು. ಮೊದಲ ಹತ್ತು ಬೆರಳು ಮುಗಿಯಿತು. ಎರಡನೆಯ ಸುತ್ತಿನ ನಡುವೆ ವಸುಂಧರಾಳ ಕೈಯಲ್ಲಿದ್ದ ಪಾದ ಪಟ್ಟನೆ ಸಡಿಲವಾಯಿತು. ಒತ್ತಿದಳು. ಬಿಗಿಯಲಿಲ್ಲ. ಕಚಗುಳಿಯ ಕಿರುಬೆರಳನ್ನೇ ಮುಟ್ಟಿದಳು, ಅದೂ ಅಲುಗಲಿಲ್ಲ. ವಸುಂಧರಾ ಎದ್ದು ನಿಂತಳು. ಕೂಗಿದರೆ ಆ ಸದ್ದಿನಲ್ಲಿ ಯಾರಿಗೂ ಕೇಳದು. ಗಾಜಿನಾಚೆಗಿದ್ದ ಟೆಕ್ನಿಷಿಯನ್‌ಗೆ ಕೈ ಬೀಸಿದಳು. ಅವನು ಎಲ್ಲ ಸರಿಯಾಗಿದೆಯೆಂದು ಹೆಬ್ಬೆರಳೆತ್ತಿ ತೋರಿಸಿದ. ಅವಳಿಗೆ ನಂಬಿಕೆ ಬರಲಿಲ್ಲ. ಆ ಪಾದವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಬಾಯಿಗೆ ಬಂದದ್ದನ್ನೆಲ್ಲ ಹೇಳಿಕೊಳ್ಳುತ್ತ ಕೂತಳು.

ಯಂತ್ರ ನಿಂತಿತು, ಹಲಗೆ ಹೊರಗೆ ಬಂತು. ಪಂಜರದ ಕೆಳಗಿನಿಂದ ಮೆಲ್ಲಗೆ ಗೊರಕೆ ಕೇಳಿಸುತ್ತಿತ್ತು.

"ಏ ಮೇರಿ! ನಿದ್ದಿ ಹೊಡೀತಿಯೇನ? ಇಲ್ಲೆ ನನ್ನ ಜೀವ ಹೋಗಿತ್ತು!"

ಪಂಜರ ತೆಗೆದ ಕೂಡಲೆ ಮೇರಿ ಕಣ್ಣುಜ್ಜಿಕೊಂಡು ಎದ್ದು ಕೂತಳು. ವಸುಂಧರಾಳ ಕೈ ಇನ್ನೂ ಅವಳ ಪಾದವನ್ನು ಬಿಟ್ಟಿರಲಿಲ್ಲ. ಆ ಕೈ ಹಿಡಿದುಕೊಂಡು, "ಅಯ್ಯೋ, ಅಷ್ಟು ಹೆದರಿಕೊಂಡ್ರಾ ಅಕ್ಕ? ಏನು ಮಾಡಿದ್ರಿ ಮತ್ತೆ?" ಎಂದು ಕೇಳಿದಳು.

"ಏನ್ ಮಾಡ್ಲಿ? ಎಲ್ಲಾ ದೇವರನ್ನೂ ಕರದೆ. ಮೊದಲ ನಿಮ್ಮ ಮರಿಯಮ್ಮನ್ನ ಕರದೆ. ನೀ ಕರದಿದ್ದಕ್ಕ ಆಕಿ ಈ ಖೋಲ್ಯಾಗ ಆಗಲೇ ಇದ್ದಳಲ್ಲ, ಲಗೂನ ಬರ್ತಾಳ ಅಂತ."

ಬಾಗಿಲಲ್ಲಿ ಮುಂದಿನ ರೋಗಿ ಕಾಯುತ್ತಿದ್ದರು. ಇನ್ನು ಇಳಿಯಿರಿ ಎಂದು ಟೆಕ್ನಿಷಿಯನ್ ಸನ್ನೆ ಮಾಡಿದ.