ಎರಡು ಬೆರಳು ಸಡಿಲ

ವಾಮದಪದವಿನ ಸಂಕಪ್ಪ ಟೈಲರ್ ಹೊಲಿದ ಪ್ಯಾಂಟು ಯಾರ ಹೊಟ್ಟೆಯನ್ನೂ ಕಚ್ಚಿದ್ದಿಲ್ಲ. ಸೊಂಟಕ್ಕೆ ಟೇಪು ಸುತ್ತುವಾಗ ಅವನು ಎಡಗೈಯ ಎರಡು ಬೆರಳನ್ನು ಟೇಪಿನ ಒಳಗೆ ಇಟ್ಟುಕೊಳ್ಳುತ್ತಿದ್ದ. ಆ ವಿದ್ಯೆ ಮೂಡುಬಿದಿರೆಯ ಸುಬ್ಬಯ್ಯ ಟೈಲರರದು. ಕೆಲಸ ಕಲಿಸಿದ ಮೊದಲ ವಾರವೇ ಅವರು ಹೇಳಿದ್ದರು: "ಅಳತೆ ಕೊಡುವಾಗ ಎಲ್ಲರೂ ಹೊಟ್ಟೆ ಒಳಗೆ ಎಳೀತಾರೆ. ಊಟಕ್ಕೆ ಕೂತಾಗ ಅದು ಹೊರಗೆ ಬರ್ತದೆ. ನೀನು ಹೊಲಿಯುದು ಊಟಕ್ಕೆ ಕೂತ ಹೊಟ್ಟೆಗೆ." ನಲವತ್ತು ವರ್ಷ ಸಂಕಪ್ಪ ಹಾಗೆಯೇ ಹೊಲಿದ. ಊರಿನವರು ಅದನ್ನು ತಮಾಷೆಗೆ ‘ಸಂಕಪ್ಪಣ್ಣನ ಎರಡು ಬೆರಳು’ ಎನ್ನುತ್ತಿದ್ದರು, ಮದುವೆಯ ಪಂಕ್ತಿಯಲ್ಲಿ ಮೂರನೇ ಸಲ ಪಾಯಸ ಬಡಿಸಿಕೊಳ್ಳುವಾಗ ನೆನೆಯುತ್ತಲೂ ಇದ್ದರು.

ಈಗ ಹೊಸ ಬಟ್ಟೆ ಹೊಲಿಸುವವರು ಎಲ್ಲಿದ್ದಾರೆ? ರೆಡಿಮೇಡ್ ತಂದು ಗಿಡ್ಡ ಮಾಡಿಕೊಡಿ, ಜಿಪ್ ಬದಲಿಸಿಕೊಡಿ ಎನ್ನುತ್ತಾರೆ. ಸಂಕಪ್ಪ ಅದಕ್ಕೂ ಸೈ. ರಿಕ್ಷಾದ ಸೀಟು, ಹರಿದ ಬ್ಯಾಗು, ಟೆಂಪೋದ ಟರ್ಪಾಲು, ಯಾವುದನ್ನೂ ಬಿಡಲಿಲ್ಲ. ದಪ್ಪ ಸೂಜಿಯ ಇನ್ನೊಂದು ಮೆಷಿನನ್ನು ಅದಕ್ಕೆಂದೇ ಇಟ್ಟುಕೊಂಡಿದ್ದ. ಅಂಥವನ ಬಾಯಿಗೆ ‘ಇದು ನನ್ನಿಂದ ಆಗದು’ ಎಂಬ ಮಾತು ಬರುವುದಿಲ್ಲ. ಒಂದು ಸಲವಾದರೂ ಬಂದಿದ್ದರೆ ಚೆನ್ನಾಗಿತ್ತು.

ಅಂಗಡಿಯ ಹಿಂದಿನ ಗುಡ್ಡೆಯ ಮೇಲೆ ಕಾಂತಿಯ ಮನೆ. ಗಂಡನಿಗೆ ಕುವೈತಿನಲ್ಲಿ ಹೋಟೆಲ್ ಕೆಲಸ, ಮಗ ತರುಣ್. ತರುಣನ ಒಂದನೇ ಕ್ಲಾಸಿನ ಚಡ್ಡಿಯಿಂದ ಹಿಡಿದು ದುಬೈ ವಿಮಾನ ಹತ್ತಿದ ದಿನದ ಪ್ಯಾಂಟಿನವರೆಗೆ ಎಲ್ಲವೂ ಸಂಕಪ್ಪನ ಕೈಯದೇ. ದುಬೈಯಲ್ಲಿ ಅವನಿಗೆ ಕೆಲಸ ಸಿಕ್ಕಿದ್ದು ಕಡಲ ಬದಿಯ ಒಂದು ಅಂಗಡಿಯಲ್ಲಿ. ಆಳೆತ್ತರಕ್ಕಿಂತ ದೊಡ್ಡ ಗಾಳಿಪಟವನ್ನು ಮೈಗೆ ಸಿಕ್ಕಿಸಿಕೊಂಡು, ಕಾಲಡಿ ಹಲಗೆ ಇಟ್ಟುಕೊಂಡು ನೀರಿನ ಮೇಲೆ ಓಡುವ ಆಟವುಂಟಲ್ಲ, ಕೈಟ್ ಸರ್ಫಿಂಗ್, ಅದರ ಸಾಮಾನಿನ ಅಂಗಡಿ. ಮೂರು ವರ್ಷದಲ್ಲಿ ಮಾರುವುದರ ಜೊತೆ ಆಡುವುದನ್ನೂ ಕಲಿತ. ಊರಿಗೆ ಬಂದವನು ಮೂಲ್ಕಿಯ ಕಡೆಯ ಕಡಲಿನಲ್ಲಿ ಪ್ರವಾಸಿಗಳಿಗೆ ಕಲಿಸತೊಡಗಿದ. ಫೆಬ್ರವರಿಯ ಒಂದು ಬೆಳಿಗ್ಗೆ ಕಪ್ಪು ಪಟ್ಟಿಯಂಥದ್ದೊಂದನ್ನು ಸಂಕಪ್ಪನ ಕಟ್ಟಿಂಗ್ ಮೇಜಿನ ಮೇಲೆ ಇಟ್ಟ.

"ಇದೆಂತದು ಮಾರಾಯ, ಎತ್ತಿಗೆ ಕಟ್ಟುದಾ?"

"ಹಾರ್ನೆಸ್ ಮಾಮ. ಅಲ್ಲಿಯ ಒಬ್ಬ ಬಿಳಿಯ ಊರಿಗೆ ಹೋಗುವಾಗ ಕೊಟ್ಟದ್ದು. ಅವನದ್ದು ದೊಡ್ಡ ಮೈ. ಹೊಸದು ನನ್ನ ಅಳತೆಯದ್ದು ತರಿಸುದಾ, ಇದನ್ನೇ ಸಣ್ಣ ಮಾಡ್ಲಿಕ್ಕೆ ಆಗ್ತದಾ ಅಂತ ಕೇಳ್ಲಿಕ್ಕೆ ಬಂದೆ."

ತರುಣನಿಗೆ ವಿವರಿಸುವುದೆಂದರೆ ಖುಷಿ. ಗಾಳಿಪಟ ಎಳೆಯುವುದು ಕೈಯನ್ನಲ್ಲ, ಪಟ್ಟಿಯ ಮುಂದಿನ ಈ ಕೊಕ್ಕೆಯನ್ನು. ತೊಡೆಗೂ ಪಟ್ಟಿ ಬರುವ ಕೂರುವ ಜಾತಿಯದ್ದು ಒಂದಿದೆ, ಅದು ಮೇಲಕ್ಕೆ ಜಾರುವುದಿಲ್ಲ, ಕಲಿಯುವವರಿಗೆ ಒಳ್ಳೆಯದು. ಇದು ಬರೀ ಸೊಂಟದ್ದು. ಇದರ ಅಳತೆಯನ್ನು ಪ್ಯಾಂಟು ನಿಲ್ಲುವಲ್ಲಿ ಹಿಡಿಯಬಾರದು, ಹೊಕ್ಕುಳ ಮೇಲೆ ಹಿಡಿಯಬೇಕು. ಹಾಕುವಾಗ ಸ್ವಲ್ಪ ಜಾಸ್ತಿಯೇ ಬಿಗಿ ಎನಿಸಬೇಕು, ಏಕೆಂದರೆ ನೀರಿನಲ್ಲಿ ನೆನೆದ ಮೇಲೆ ಅದು ತಾನಾಗಿ ಬಿಡುತ್ತದೆ.

"ಏನಾದ್ರೂ ಆದ್ರೆ ಕೊಕ್ಕೆಯ ಹತ್ತಿರ ಕೆಂಪು ಹಿಡಿ ಇರ್ತದೆ, ಅದನ್ನು ತಳ್ಳಿದ್ರೆ ಗಾಳಿಪಟ ಸತ್ತು ಬೀಳ್ತದೆ," ಎಂದ ತರುಣ್. "ಅದು ಹೊಟ್ಟೆಯ ಎದುರೇ ಇರಬೇಕು, ಕಣ್ಣು ಮುಚ್ಚಿದ್ರೂ ಕೈಗೆ ಸಿಗಬೇಕು. ಹಾರ್ನೆಸ್ ಸಡಿಲ ಆದ್ರೆ ಎದೆಗೆ ಏರ್ತದೆ. ಆಗ ಹಿಡಿ ಹುಡುಕುದೇ ಕಷ್ಟ."

"ಹೊಸದು ಎಂತಕ್ಕೆ?" ಎಂದ ಸಂಕಪ್ಪ. "ನಾನಿಲ್ವಾ?"

ತರುಣ್ ನೀರಿಗೆ ಅಳಿಯದ ಬಿಳಿ ಮೇಣದ ಪೆನ್ಸಿಲಿನಿಂದ ಬೆನ್ನಿನ ಭಾಗದಲ್ಲಿ ಎರಡು ಗೆರೆ ಎಳೆದ. ನಡುವೆ ಮೂರು ಇಂಚು. "ಈ ಎರಡು ಗೆರೆ ಹೊಲಿಗೆಯ ಒಳಗೆ ಒಂದಾಗಬೇಕು ಮಾಮ. ಮತ್ತೆ ನಿಮ್ಮ ಎರಡು ಬೆರಳು ಇದರಲ್ಲಿ ಬೇಡ, ಆಯ್ತಾ?"

ಸಂಕಪ್ಪ ನಕ್ಕ. ಅಳತೆಗೆಂದು ಹುಡುಗ ಅಂಗಿ ಎತ್ತಿದಾಗ, ಯಾರದೋ ಹಾರ್ನೆಸ್ ಹಾಕಿ ಎದ್ದಿದ್ದ ಕೆಂಪು ಬಾಸುಂಡೆಗಳು ಸೊಂಟದ ಸುತ್ತ ಕಂಡವು.

ಮಧ್ಯಾಹ್ನ ದಪ್ಪ ಮೆಷಿನಿನ ಎದುರು ಕೂತಾಗ ಕಣ್ಣೆದುರು ಬಂದದ್ದು ಬಿಳಿ ಗೆರೆಗಳಲ್ಲ, ಆ ಬಾಸುಂಡೆಗಳು. ಈಗಿನ ಹುಡುಗರೇ ಹೀಗೆ, ಬಿಗಿ ಬಿಗಿ ಎಂದು ಪ್ಯಾಂಟು ಹೊಲಿಸಿಕೊಂಡು ಹೋಗಿ ಎಂಟು ದಿನಕ್ಕೆ ಬಿಚ್ಚಿಸಲು ಬರುತ್ತಾರೆ ಎಂದುಕೊಂಡ. ಮೂರಿಂಚು ತೆಗೆಯಬೇಕಾದಲ್ಲಿ ಒಂದೂವರೆ ತೆಗೆದ. ನಾಲ್ಕು ಸಾಲು ಹೊಲಿಗೆ ಹಾಕಿ, ಹಲ್ಲಿನಿಂದ ನೂಲು ಕಡಿದ. ಪ್ರೀತಿಯಿಂದಲೇ ಮಾಡಿದ, ಅದರಲ್ಲಿ ಸುಳ್ಳಿಲ್ಲ. ಆದರೆ ಕಡಲು ಕಂಡವನು ಆ ಹುಡುಗ. ಸಂಕಪ್ಪ ಕಂಡದ್ದು ಊಟದ ಪಂಕ್ತಿ ಮಾತ್ರ.

ಸಂಜೆ ತರುಣ್ ಅದನ್ನು ಜೀನ್ಸಿನ ಮೇಲೆಯೇ ಕಟ್ಟಿಕೊಂಡ. ಅಂಗಡಿಯ ಜಂತಿಗೆ ಹಗ್ಗ ಹಾಕಿ, ಕೊಕ್ಕೆ ಸಿಕ್ಕಿಸಿ, ಕಾಲೆತ್ತಿ ನೇತಾಡಿ ನೋಡಿದ. ಬಸ್ಸಿಗೆ ಕಾದಿದ್ದವರು ನಕ್ಕರು. ದಪ್ಪ ಬಟ್ಟೆಯ ಮೇಲೆ ಅದು ಬಿಗಿಯಾಗಿಯೇ ಕೂತಿತ್ತು. "ಬೆಸ್ಟ್ ಮಾಮ," ಎಂದು ಬೈಕಿನ ಹಿಂದೆ ಕಟ್ಟಿಕೊಂಡು ಹೋದ. ಗೆರೆ ನೋಡಲಿಲ್ಲ. ಸಂಕಪ್ಪ ಹೇಳಲೂ ಇಲ್ಲ.

ನಾಲ್ಕನೇ ದಿನ ಮಧ್ಯಾಹ್ನದ ಕಡಲಗಾಳಿ ಒಮ್ಮೆಲೇ ಜೋರಾಯಿತು. ತೆಳು ಚಡ್ಡಿಯ ಮೇಲೆ, ನೆನೆದ ಮೈಯಲ್ಲಿ, ಹಾರ್ನೆಸ್ ಪಕ್ಕೆಲುಬು ದಾಟಿ ಕಂಕುಳಿಗೆ ಏರಿತು. ಕೆಂಪು ಹಿಡಿ ಗದ್ದದ ಕೆಳಗೆ ಬಂದಿತ್ತು. ತರುಣನ ಕೈ ಹೊಟ್ಟೆಯ ಎದುರು ಹುಡುಕುತ್ತಲೇ ಇತ್ತಂತೆ, ದಡದಲ್ಲಿದ್ದವರು ನೋಡಿದ್ದಾರೆ. ಗಾಳಿಪಟ ಅವನನ್ನು ಎತ್ತಿ, ಕಡಲ್ಕೊರೆತಕ್ಕೆಂದು ಸುರಿದ ಬಂಡೆಗಳ ಮೇಲೆ ಹಾಕಿತು. ಬೆನ್ನುಮೂಳೆ ಮುರಿಯಿತು. ಜೀವ ಉಳಿಯಿತು, ಎದೆಯಿಂದ ಕೆಳಗೆ ಏನೂ ಉಳಿಯಲಿಲ್ಲ.

ಎರಡು ತಿಂಗಳ ಮೇಲೆ ಅವನನ್ನು ಮನೆಗೆ ತಂದರು. ಜೊತೆಗೆ ಆಸ್ಪತ್ರೆಯ ಚೀಲದಲ್ಲಿ ಹಾರ್ನೆಸ್ಸೂ ಬಂತು. ನೋಡಲು ಬಂದವರಿಗೆಲ್ಲ ಕಾಂತಿ ಅದನ್ನು ತೋರಿಸುತ್ತಿದ್ದಳು: "ಬಂಡೆಗೆ ಹೊಡೆದ್ರೂ ಸಂಕಪ್ಪಣ್ಣನ ಹೊಲಿಗೆ ಒಂದು ನೂಲು ಬಿಡ್ಲಿಲ್ಲ ನೋಡಿ." ಬಂದವರು ತಲೆದೂಗುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಆದರೂ ಸಂಕಪ್ಪ ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಪ್ರತಿ ಭಾನುವಾರ ಹೋಗುತ್ತಿದ್ದ. ಎಳನೀರು ಒಯ್ಯುತ್ತಿದ್ದ, ತರುಣನ ಗಡ್ಡ ಬೋಳಿಸುತ್ತಿದ್ದ, ಮಗ್ಗುಲು ತಿರುಗಿಸಲು ಕೈಕೊಡುತ್ತಿದ್ದ. ‘ನಾನು ಒಂದೂವರೆ ಇಂಚು ಬಿಟ್ಟೆ’ ಎನ್ನುವ ಮಾತೊಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದ. ಹೇಳಿದರೆ ಈ ಬಾಗಿಲು ಮುಚ್ಚುತ್ತದೆ, ಕಾಂತಿ ತನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆ. ಹೇಳದಿದ್ದರೆ ಎಂಥ ಮನುಷ್ಯ ತಾನು ಎಂಬ ಅಸಹ್ಯ. ಮಂಚದ ಎದುರಿನ ಗೋಡೆಗೆ ಹಾರ್ನೆಸ್ಸನ್ನು ಮೊಳೆಗೆ ನೇತು ಹಾಕಿದ್ದರು. ಸಂಕಪ್ಪ ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ.

ಅಕ್ಟೋಬರಿನಲ್ಲಿ ಗಾಲಿಕುರ್ಚಿ ಬಂತು. ಆ ಭಾನುವಾರ ಕಾಂತಿ ಹೇಳಿದಳು: "ಸಂಕಪ್ಪಣ್ಣ, ಕೂರಿಸಿದ್ರೆ ಮುಂದೆ ಜಾರ್ತಾನೆ. ಸೊಂಟಕ್ಕೆ ಒಂದು ಪಟ್ಟಿ ಹೊಲಿದು ಕೊಡಿ. ಬಿಗಿ ಆದ್ರೆ ಹುಣ್ಣಾಗ್ತದೆ, ಇವನಿಗೆ ಗೊತ್ತೂ ಆಗುದಿಲ್ಲ ಅಂತ ನರ್ಸ್ ಹೇಳಿದ್ದಾರೆ. ನಿಮ್ಮದು ಉಂಟಲ್ಲ, ಎರಡು ಬೆರಳು, ಅಷ್ಟು ಬಿಡಿ. ನಾನು ಚಾ ತರ್ತೇನೆ."

ಅವಳು ಒಳಗೆ ಹೋದಳು. ಸಂಕಪ್ಪ ಟೇಪು ತೆಗೆದ. ಇನ್ನು ಹೇಳದೆ ಈ ಸೊಂಟಕ್ಕೆ ಟೇಪು ಸುತ್ತುವುದು ಅವನಿಂದ ಆಗುವ ಕೆಲಸವಾಗಿರಲಿಲ್ಲ.

"ತರುಣ್," ಎಂದ. "ಆ ದಿನ ನಾನು ಮೂರಿಂಚು ತೆಗೀಲಿಲ್ಲ. ಒಂದೂವರೆ ತೆಗೆದದ್ದು."

"ಗೊತ್ತುಂಟು."

ತರುಣ್ ಗದ್ದದಿಂದ ಗೋಡೆಯ ಕಡೆ ತೋರಿಸಿದ. ಸಂಕಪ್ಪ ತಿರುಗಿ ನೋಡಿದ. ಹೊಲಿಗೆಯ ಎರಡೂ ಬದಿಯಲ್ಲಿ, ಒಳಗೆ ಅಡಗಬೇಕಿದ್ದ ಬಿಳಿ ಗೆರೆಗಳು ಹೊರಗೇ ಇದ್ದವು. ಮಾಸಿದ್ದರೂ ಸ್ಪಷ್ಟವಾಗಿದ್ದವು.

"ಏಪ್ರಿಲಲ್ಲೇ ನೋಡಿದೆ," ಎಂದ ತರುಣ್. "ಅಲ್ಲಿ ನೇತು ಹಾಕು ಅಂತ ಅಮ್ಮನಿಗೆ ಹೇಳಿದ್ದು ನಾನು. ನೀವು ಕೂರುವಾಗ ಎದುರಿಗೆ ಕಾಣಬೇಕು ಅಂತ. ಮುಂದಿನ ವಾರ ನೀವು ಕುರ್ಚಿ ತಿರುಗಿಸಿದ್ರಿ. ಆಗ ನಿಮಗೂ ಗೊತ್ತುಂಟು ಅಂತ ಗೊತ್ತಾಯ್ತು. ಅಲ್ಲಿಂದ ಕಾದದ್ದು. ಎಷ್ಟು ಆದಿತ್ಯವಾರ ಆಯ್ತು ಮಾಮ?"

"ನನ್ನದು ತಪ್ಪಾಯ್ತು ಮಗಾ."

"ಹೌದು," ಎಂದ ತರುಣ್.

ಪರವಾಗಿಲ್ಲ ಎನ್ನಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಸಂಕಪ್ಪ ಅವನ ಕಾಲು ಹಿಡಿದು ಅತ್ತುಬಿಡುತ್ತಿದ್ದ, ಆ ಸುಲಭದ ದಾರಿಯೂ ಅವನಿಗೆ ಸಿಗಲಿಲ್ಲ. ಒಳಗಿನಿಂದ ಚಾ ಕುದಿಯುವ ವಾಸನೆ ಬಂತು.

"ಅಳತೆ ಹಿಡಿಯಿರಿ," ಎಂದ ತರುಣ್. "ಅಮ್ಮನಿಗೂ ನೀವೇ ಹೇಳಬೇಕು. ಇವತ್ತೇ."

ಸಂಕಪ್ಪ ಬಗ್ಗಿ ಟೇಪು ಸುತ್ತಿದ. ಮೂವತ್ತೆರಡು ಇದ್ದ ಸೊಂಟ ಒಣಗಿ ಹೋಗಿತ್ತು. ಎಡಗೈಯ ಎರಡು ಬೆರಳನ್ನು ಒಳಗೆ ಇಟ್ಟ. ಬೆರಳ ಹಿಂಭಾಗಕ್ಕೆ ಹುಡುಗನ ಹೊಟ್ಟೆ ಬೆಚ್ಚಗೆ ತಗಲಿತು. ತರುಣ್ ಎದುರಿನ ಗೋಡೆಯನ್ನೇ ನೋಡುತ್ತಿದ್ದ.

"ಬೆರಳು ಒಳಗುಂಟಾ?" ಎಂದು ಕೇಳಿದ.

ಸಂಕಪ್ಪನಿಗೆ ಅರ್ಥವಾಗಲಿಲ್ಲ.

"ನನಗೆ ಅಲ್ಲಿ ಎಂತ ಇಟ್ರೂ ಗೊತ್ತಾಗುದಿಲ್ಲ ಮಾಮ. ಇನ್ನು ನೀವು ಹೇಳಿದ್ರೆ ಮಾತ್ರ ಗೊತ್ತಾಗುದು."

ಕಾಂತಿ ಚಾ ಲೋಟ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು.

"ಒಳಗುಂಟು," ಎಂದ ಸಂಕಪ್ಪ, ಅವಳಿಗೂ ಕೇಳುವ ಹಾಗೆ. "ಎರಡು ಬೆರಳು. ಟೇಪಲ್ಲಿ ಇಪ್ಪತ್ತೇಳೂವರೆ. ಕಾಂತಿ, ಲೋಟ ಕೆಳಗೆ ಇಡು. ನಿನ್ನ ಹತ್ತಿರ ಒಂದು ಮಾತು ಹೇಳ್ಲಿಕ್ಕುಂಟು."