ಗೌರಮ್ಮನ ಗಂಡನ ಎಡಗಾಲು

ಗೌರಮ್ಮನ ಗಂಡನ ಎಡಗಾಲು ಕಂಡರೆ ಅಂಜನಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಆ ಕಾಲಲ್ಲೂ ಹೆಬ್ಬೆರಳಿಲ್ಲ, ಅಂಜನಮ್ಮನ ಗಂಡ ಆವಲಪ್ಪನ ಎಡಗಾಲಲ್ಲೂ ಇಲ್ಲ. ಇಬ್ಬರಿಗೂ ಸಕ್ಕರೆ ಕಾಯಿಲೆ. ಇಬ್ಬರೂ ಬೊಮ್ಮಸಂದ್ರದ ಒಂದೇ ರಟ್ಟಿನ ಡಬ್ಬದ ಫ್ಯಾಕ್ಟರಿಯಲ್ಲಿ ನಿಂತು ನಿಂತು ದುಡಿದವರು. ಎರಡು ಸಾವಿರದ ಹನ್ನೆರಡರಲ್ಲಿ ಆಸ್ಪತ್ರೆಯ ಪಕ್ಕಪಕ್ಕದ ಮಂಚದಲ್ಲಿ ಮಲಗಿ, ಕೊಳೆತ ಬೆರಳು ತೆಗೆಸಿಕೊಂಡು ಬಂದರು. ಮನೆಯೂ ಒಂದೇ ಬೀದಿ.

ಆಸ್ಪತ್ರೆಯಲ್ಲಿದ್ದಾಗ ಉರಿಯೇನೂ ಇರಲಿಲ್ಲ. ಒಬ್ಬಳು ಇಡ್ಲಿ ತಂದರೆ ನಾಲ್ಕೂ ಜನ ತಿನ್ನುತ್ತಿದ್ದರು. ಮನೆಗೆ ಕಳಿಸುವ ದಿನ ಡಾಕ್ಟರು ನಾಲ್ವರನ್ನೂ ನಿಲ್ಲಿಸಿಕೊಂಡು ಹೇಳಿದರು. ಬೆರಳು ಹೋಯಿತು, ಮೈಭಾರ ಹೋಗಲಿಲ್ಲ. ಅದು ಹೊರುತ್ತಿದ್ದ ಭಾರ ಇನ್ನು ಪಕ್ಕದ ಬೆರಳಿನ ಬುಡಕ್ಕೆ ಬೀಳುತ್ತೆ. ನಿಮ್ಮ ಕಾಲಿಗೆ ನೋವು ಗೊತ್ತಾಗಲ್ಲ, ಮತ್ತೆ ಹುಣ್ಣಾಗುತ್ತೆ. ಅದಕ್ಕೇ ಈ ಮೆತ್ತನೆ ಅಡಿಯ ಕರೀ ಚಪ್ಪಲಿ. ಮನೆ ಒಳಗೂ ಬಿಚ್ಚಬೇಡಿ. ಅಂಜನಮ್ಮನೂ ತಲೆಯಾಡಿಸಿದಳು.

ಅಂಜನಮ್ಮನ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟಿದ್ದೇ ಇಲ್ಲ. ಇರುವುದು ಒಂದೇ ಕೋಣೆ, ಒಲೆ ಪಕ್ಕದಲ್ಲೇ ದೇವರ ಪಟ. ದಿನಕ್ಕೆರಡು ಸಲ ನೆಲ ಒರೆಸುವವಳು. ಕರೆಂಟ್ ಮೀಟರ್ ನೋಡಲು ಬಂದವನಿಗೂ ಹೊರಗೆ ಬಿಟ್ಟು ಬಾರಪ್ಪ ಅನ್ನುವವಳು. ಆವಲಪ್ಪ ಚಪ್ಪಲಿ ಹಾಕಿಕೊಂಡೇ ಒಳಗೆ ಕಾಲಿಟ್ಟ.

"ದೇವರಿರೋ ಮನೆ ಕಣಯ್ಯ."

"ಡಾಕ್ಟ್ರು ಯೋಳಿದ್ರಲ್ಲಮ್ಮಿ."

"ಡಾಕ್ಟ್ರು ಬಂದು ನೆಲ ಒರೆಸ್ತಾರಾ? ಒಳಗೆ ಎಷ್ಟು ಹೆಜ್ಜೆ ನಡೀತೀಯ, ಹತ್ತು?"

ಆವಲಪ್ಪ ಹೊರಗೆ ಬಿಟ್ಟು ಬಂದ. ಜಗಳ ಅಂದರೆ ಆಗದ ಆಸಾಮಿ. ಕೆಲಸ ಬಿಟ್ಟಿದ್ದ, ಇಡೀ ದಿನ ಆ ಹತ್ತು ಹೆಜ್ಜೆಯಲ್ಲೇ ತಿರುಗಾಡುತ್ತಿದ್ದ.

ಎಂಟು ತಿಂಗಳಿಗೆ ಎರಡನೇ ಬೆರಳಿನ ಬುಡದಲ್ಲಿ ಆಣಿ ಕಟ್ಟಿತು. ಒತ್ತಿದರೆ ಕೀವು. ನೋವೇ ಇಲ್ಲ ಅಂದ. ಮತ್ತೆ ಡ್ರೆಸ್ಸಿಂಗ್ ಶುರುವಾಯಿತು. ಅದೇ ವಾರ ಗೌರಮ್ಮನ ಗಂಡ ವೆಂಕಟಪ್ಪ ಹೆಂಡತಿ ಜೊತೆ ಹೊಸೂರಿಗೆ, ಮಗಳ ಮನೆಗೆ ಹೊರಟ. ಕೈಯಲ್ಲಿ ಸಂಚಿ, ಬಾಯಲ್ಲಿ ಎಲೆಅಡಿಕೆ. ಅಂಜನಮ್ಮ ಕೀವಿನ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನೋಡಿದಳು. ಅವನ ಕಾಲಿಗೂ ಒಂದು ಹುಣ್ಣಾಗಲಿ ಅಂತ ಮನಸ್ಸು ಅಂದಿತು. ಬಾಯಲ್ಲಿ ಅನ್ನಲಿಲ್ಲ ಅಷ್ಟೆ.

ಅವರು ವಾಪಸ್ ಬಂದ ಮೇಲೆ ಗೌರಮ್ಮ ನಲ್ಲಿ ಹತ್ತಿರ ಸಿಕ್ಕಾಗ ಬಾಯಲ್ಲೂ ಬಂತು. "ನಾನು ದಿನಾ ದೇವರಿಗೆ ಹೂವಿಡ್ತೀನಿ. ನೀನು ವಾರಕ್ಕೊಂದು ದೀಪ ಹಚ್ಚೋಳು. ಕಾಲು ಮಾತ್ರ ನಿನ್ನ ಗಂಡಂದೇ ನೆಟ್ಟಗಿದೆ."

"ಆ ಕಾಲಲ್ಲಿ ಬೀದಿ ಸುತ್ತಿ ಹಪ್ಪಳ ತರ್ತಾನೆ ಕಣಕ್ಕ, ಕರಿಯೋಳು ನಾನು," ಅಂದು ಗೌರಮ್ಮ ಬಿಂದಿಗೆ ಎತ್ತಿದಳು.

ಗೌರಮ್ಮ ಏನೋ ಔಷಧ ಬಚ್ಚಿಟ್ಟಿದ್ದಾಳೆ ಅಂತ ಅಂಜನಮ್ಮನಿಗೆ ಅನುಮಾನ ಗಟ್ಟಿಯಾಯಿತು. ಮಾರನೇ ದಿನ ಹೇಳದೆ ಕೇಳದೆ ಅವಳ ಮನೆಗೆ ಹೋದಳು. ವೆಂಕಟಪ್ಪ ಒಲೆ ಮುಂದೆ ನಿಂತು ಕಾಫಿ ಸೋಸುತ್ತಿದ್ದ. ಕಾಲಲ್ಲಿ ಕರೀ ಚಪ್ಪಲಿ.

"ಯಾವ ಮುಲಾಮು ಹಚ್ತೀಯೆ?"

"ಮುಲಾಮೂ ಇಲ್ಲ, ಮಣ್ಣೂ ಇಲ್ಲ. ಇದೇ," ಅಂತ ಗೌರಮ್ಮ ಚಪ್ಪಲಿ ತೋರಿಸಿದಳು. "ಒಳಗೆ ಹಾಕೋದು ಬೇರೆ ಜೊತೆ. ಮೊದಲು ನಂಗೂ ಮೈ ಮುದುಡ್ತಿತ್ತು. ದೇವರ ಪಟ ಎತ್ತಿ ಅಟ್ಟದ ಮೇಲಿಟ್ಟೆ."

"ನಂಗೆ ಹೇಳಬಾರದಿತ್ತಾ?"

"ಡಾಕ್ಟ್ರು ಹೇಳುವಾಗ ನೀನು ನನ್ನ ಪಕ್ಕದಲ್ಲೇ ಇದ್ದೆಯಲ್ಲಕ್ಕ."

ಅಂಜನಮ್ಮ ಮನೆಗೆ ಬಂದು ಚಪ್ಪಲಿ ತೊಳೆದು ಒಳಗೆ ತಂದಳು. ತಾನೇ ಕೂತು ಗಂಡನ ಕಾಲಿಗೆ ಹಾಕಿದಳು. ಅವನು ದೇವರ ಪಟದ ಕಡೆ ನೋಡಿದ. "ಅವನಿಗೆ ನಾನು ಹೇಳ್ಕೋತೀನಿ, ನೀನು ಹಾಕ್ಕೊಂಡಿರು," ಅಂದಳು. ಹೊತ್ತು ಮೀರಿತ್ತು. ಕೀವು ಮೂಳೆಗೆ ಇಳಿದಿತ್ತು. ಅರ್ಧ ಪಾದ ತೆಗೆದರು. ನಂಜು ರಕ್ತಕ್ಕೆ ಏರಿತು. ಶ್ರಾವಣದಲ್ಲಿ ಆವಲಪ್ಪ ತೀರಿಕೊಂಡ.

ತಪ್ಪು ಯಾರದು ಅಂತ ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಹೋಗಬೇಕಿತ್ತು. ಹೋಗಲಿಲ್ಲ, ಜಾಸ್ತಿಯಾಯಿತು. ತಿಥಿ ಮುಗಿದು ನೆಂಟರೆಲ್ಲ ಹೋದರು. ಗೌರಮ್ಮ ಗಂಡನ ಜೊತೆ ದಿನಾ ಮಧ್ಯಾಹ್ನ ಮುದ್ದೆ ಸಾರು ತರುತ್ತಿದ್ದಳು. ವೆಂಕಟಪ್ಪ ಗೋಡೆಗೆ ಒರಗಿ ಕೂತು ಕಾಲು ಚಾಚುತ್ತಿದ್ದ. ಅಂಜನಮ್ಮ ಮುದ್ದೆ ನುಂಗುತ್ತಿದ್ದಳು, ಕಣ್ಣು ಆ ಕಾಲ ಮೇಲೆ. ಒಂದು ಗೀರೂ ಇಲ್ಲ. ಆ ಕಾಲು ತನ್ನ ಮನೆಯದಾಗಿ, ಈ ಸಾವು ಆ ಮನೆಯದಾಗಿದ್ದರೆ ಅನ್ನಿಸುತ್ತಿತ್ತು.

ಊಟ ತರತೊಡಗಿದ ಒಂಬತ್ತನೇ ದಿನ ತಟ್ಟೆ ತೊಳೆದು ಕೊಡುವಾಗ ಗೌರಮ್ಮನನ್ನು ಬಚ್ಚಲ ಹತ್ತಿರ ಕರೆದಳು.

"ನಿನ್ನ ಗಂಡ ನಡೆಯೋದು ನಂಗೆ ನೋಡಕ್ಕಾಗಲ್ಲ ಗೌರಿ. ಕೆಟ್ಟದ್ದು ಬಯಸ್ತಾ ಇದೀನಿ. ಅವನನ್ನ ಕರ್ಕೊಂಡು ಬರಬೇಡ."

ಗೌರಮ್ಮ ತಟ್ಟೆ ಒರೆಸಿಕೊಂಡಳು. "ನಾನು?"

"ನೀನು ಬಾ."

ಮಾರನೇ ದಿನ ಗೌರಮ್ಮ ಒಬ್ಬಳೇ ಬಂದಳು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅಂಜನಮ್ಮ ಅದನ್ನು ಹೇಳಿದಳು.