ಗ್ಯಾರೇಜಿನಲ್ಲಿ ತುಂಬಿದ ಕಾಡತೂಸು

೨೦೦೬ರ ಸುಮಾರಿಗೆ ನಾನು ಸ್ಯಾನ್ ಡಿಯಾಗೋದಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯನಿಗೆ ಆಗ ರೈಫಲ್ ಹುಚ್ಚು. ಬೇಟೆಗಲ್ಲ, ಕಾಗದದ ಮೇಲಿನ ವೃತ್ತಕ್ಕೆ ಹೊಡೆಯುವುದಕ್ಕೆ. ಒಂದು ಗುಬ್ಬಿಯನ್ನೂ ಕೊಲ್ಲದೆ ಅಷ್ಟು ಮದ್ದು ಸುಡುವವರನ್ನು ನಾನು ಕಂಡದ್ದು ಅಲ್ಲೇ ಮೊದಲು.

ಅಂಗಡಿಯ ಕಾಡತೂಸು ಅವನಿಗೆ ಸೇರುತ್ತಿರಲಿಲ್ಲ. ಖಾಲಿ ಹಿತ್ತಾಳೆ ಕೊಳವೆಗೆ ತಾನೇ ಮದ್ದು ತೂಗಿ ಹಾಕಿ ಮೇಲೆ ಗುಂಡು ಕೂರಿಸುತ್ತಿದ್ದ. ಮದ್ದಿನ ತೂಕ ಎಲ್ಲದರಲ್ಲೂ ಒಂದೇ ಇರಬೇಕಂತೆ, ಇಲ್ಲದಿದ್ದರೆ ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ. ಅದಕ್ಕೆಂದು ಅಕ್ಕಸಾಲಿಗರ ಬಳಿ ಇರುವಂಥ ನಾಜೂಕು ತಕ್ಕಡಿ ಇಟ್ಟಿದ್ದ.

ಅವನ ರೈಫಲ್ ಕ್ಲಬ್ಬಿನ ಚಳಿಗಾಲದ ಪಂದ್ಯಕ್ಕೆ ಇಬ್ಬಿಬ್ಬರ ಜೋಡಿ. ಅಳಿಯನ ಜೊತೆಗಾರ ಅವನ ಆಫೀಸಿನವನೇ, ಮೈಸೂರಿನ ಮುಸಲ್ಮಾನ. ದೀಪಾವಳಿ ಕಳೆದ ಮೇಲೆ ಆಯ್ಕೆಯ ಸುತ್ತು. ಅದರಲ್ಲಿ ಅಳಿಯ ಬಿದ್ದರೆ ಗೆಳೆಯ ಬೇರೆಯವರ ಜೊತೆ ಹೋಗಬೇಕು. ಆ ಚಿಂತೆಗೆ ಅಳಿಯನಿಗೆ ಊಟವೂ ರುಚಿಸುತ್ತಿರಲಿಲ್ಲ.

ಒಂದು ಶನಿವಾರ ಗುಂಡು ಹೊಡೆಯುವ ರೇಂಜಿನಿಂದ ಬಂದವನು ಗುರಿಯ ಕಾಗದವನ್ನು ಟೇಬಲ್ಲಿನ ಮೇಲೆ ಬಿಸಾಡಿದ.

"ಇದೇನ್ರಿ, ಎಳ್ಳು ಚೆಲ್ಲಿದಂಗ ಆಗೇತಿ?" ಅಂದೆ.

"ಗಾಳಿ ಭಾಳ ಇತ್ರಿ, ಅತ್ತಿ."

"ನಿಮಗೊಬ್ಬರಿಗೇ ಬೀಸಿತ್ತೇನು?"

ಮಗಳು ನಕ್ಕಳು. ಅವನು ನಗಲಿಲ್ಲ.

ಮುಂದಿನ ವಾರ ರೈಫಲ್ ಮೇಲಿನ ದುರ್ಬೀನಿನ ಸ್ಕ್ರೂ ಬಿಗಿದ, ನಳಿಗೆ ತಿಕ್ಕಿದ, ಬೇರೆ ಗುಂಡು ತಂದ. ಗುರಿ ಮೊದಲಿನ ಹಾಗೇ ಚದುರಿತು. ಗೆಳೆಯ ಮನೆಗೇ ಬಂದು ಬೈದ.

"ಎಂಜಿನಿಯರ್ ಅಂತೀಯ, ಒಂದೊಂದೇ ಚೇಂಜ್ ಮಾಡಿ ನೋಡಕ್ಕಾಗಲ್ವಾ? ಮೊದ್ಲು ಅಂಗಡಿದು ಹೊಡಿ."

ಅಂಗಡಿಯದನ್ನು ಹೊಡೆದಾಗ ತೂತುಗಳು ಒತ್ತೊತ್ತಾಗಿ ಬಿದ್ದವು. ಅಂದರೆ ರೈಫಲ್ ಸರಿ, ಕಣ್ಣು ಸರಿ, ಕೈಯಾರೆ ತುಂಬಿದ್ದೇ ತಪ್ಪು. ಅಳಿಯ ಇನ್ನಷ್ಟು ಕುಗ್ಗಿದ.

ಇಬ್ಬರೂ ಗ್ಯಾರೇಜಿನಲ್ಲಿ ಕೂತರು. ನಾನು ಚಹಾ ಒಯ್ದಾಗ ಗೆಳೆಯ ತಕ್ಕಡಿಯಲ್ಲಿ ತೂಕದ ಕಲ್ಲೊಂದನ್ನೇ ಇಟ್ಟು, ತೆಗೆದು, ಮತ್ತೆ ಇಡುತ್ತಿದ್ದ. ಮುಳ್ಳು ಪ್ರತಿ ಸಲವೂ ಬೇರೆ ಕಡೆ ನಿಲ್ಲುತ್ತಿತ್ತು. ಅವನು ತಕ್ಕಡಿಯ ಅಡ್ಡ ಕಡ್ಡಿಯನ್ನು ಎತ್ತಿ, ಅದು ಕೂರುವ ಚೂಪು ಅಂಚನ್ನು ಬೆಳಕಿಗೆ ಹಿಡಿದ.

"ಏನೋ ಇದು, ಒಣಗಿ ಅಂಟ್ಕೊಂಡಿರೋದು?"

"ಗಂಧ," ಅಂದ ಅಳಿಯ.

"ತಕ್ಕಡಿಗೂನಾ?"

"ಆಯುಧಪೂಜಾಕ್ಕ ಹಚ್ಚಿದ್ದು. ರೈಫಲ್‌ಗೆ ಹಚ್ಚಿ ಇದಕ್ಕ ಬಿಟ್ರ ಹೆಂಗ?"

ಪೂಜೆಯ ದಿನ ತಾನೇ ಗಂಧ ತೇಯ್ದು ಕಾರಿಗೆ, ರೈಫಲ್ಲಿಗೆ, ಇಕ್ಕಳ ಸುತ್ತಿಗೆಗೆಲ್ಲ ಇಟ್ಟಿದ್ದ. ತಕ್ಕಡಿಗೆ ಹಣೆ ಯಾವುದೆಂದು ಹುಡುಕಿ, ಕಡ್ಡಿಯ ನಟ್ಟನಡುವೆ ಧಾರಾಳವಾಗಿ ಹಚ್ಚಿದ್ದ. ಅದು ಕೆಳಗಿಳಿದು ಕಡ್ಡಿ ತೂಗಾಡುವ ಜಾಗದಲ್ಲೇ ಗಟ್ಟಿಯಾಗಿತ್ತು.

"ನಮ್ ತಾತನ ಲಾರಿಗೂ ಪೂಜೆ ಮಾಡ್ತಿದ್ರು ಮಾರಾಯ," ಅಂದ ಗೆಳೆಯ. "ಹಂಗಂತ ಬ್ರೇಕಿಗೆ ಯಾರೂ ಎಣ್ಣೆ ಸವರ್ತಿರಲಿಲ್ಲ."

ಅಳಿಯ ನನ್ನ ಮುಖ ನೋಡಿದ. "ಒರಸಬಹುದೇನ್ರಿ, ಅತ್ತಿ?"

"ಹಬ್ಬ ಮುಗದು ಯಾವ ಕಾಲ ಆತು! ದೇವರೇನು ನಿಮ್ಮ ಮದ್ದು ತೂಗಾಕ ಬರ್ತಾನ? ಒರಸ್ರಿ."

ಒರೆಸಿದ. ಹಬ್ಬದ ನಂತರ ತುಂಬಿದ್ದ ಕಾಡತೂಸುಗಳನ್ನು ನಂಬುವ ಹಾಗಿರಲಿಲ್ಲ, ಯಾವುದರಲ್ಲಿ ಮದ್ದು ಹೆಚ್ಚಿದೆಯೋ ಯಾರು ಬಲ್ಲರು? ಎಲ್ಲವನ್ನೂ ಬಿಚ್ಚಿ, ಮದ್ದು ಚೆಲ್ಲಿ, ಮತ್ತೆ ತೂಗಿ ತುಂಬಿದ. ಗೆಳೆಯ ಪಕ್ಕದಲ್ಲೇ ಕೂತು ನನ್ನ ಚಕ್ಕುಲಿ ಖಾಲಿ ಮಾಡಿದ.

ಆಯ್ಕೆಯಲ್ಲಿ ಅಳಿಯ ಪಾಸಾದ, ಪಾಸಾದವರಲ್ಲಿ ಕಡೆಯವನಾಗಿ. ಜೋಡಿ ಉಳಿಯಿತು. ಆ ಸಂಜೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಪಂದ್ಯದ ಹೊತ್ತಿಗೆ ನಾನು ಊರಿಗೆ ಬಂದಿದ್ದೆ. ಗೆದ್ದರೋ ಸೋತರೋ, ನಾನು ಕೇಳಲಿಲ್ಲ.